ಬೂದು ಕುರಿಯ ಕೋಣೆ

ಬುರ್ಮಾಕಾನ್ ಎಜೆಯ ಕೈಗಳು ಮೊಣಕೈಯವರೆಗೆ ಕೆಂಪು. ಸೋಪು ಹಾಕಿ ಉಜ್ಜಿದ ದಿನ ನಸುಗೆಂಪು, ಉಜ್ಜದ ದಿನ ಕಡುಗೆಂಪು, ಅಷ್ಟೇ ವ್ಯತ್ಯಾಸ. ನರಿನ್ ಊರಿನ ಉಣ್ಣೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಣ್ಣದ ಹಂಡೆಯ ಮುಂದೆ ನಿಂತವಳು ಅವಳು. ಕೆಲಸ ಬಿಟ್ಟು ಆರು ವರ್ಷವಾದರೂ ಉಗುರು ಸಂದಿಯ ಬಣ್ಣ ಹೋಗಿಲ್ಲ. ನಾನು ಅದೇ ಕಾರ್ಖಾನೆಯಲ್ಲಿ ಉಣ್ಣೆ ಹಿಂಜುತ್ತಿದ್ದೆ. ನನ್ನ ಹೆಸರು ಬಾಲ್ಕಿಯಾ. ಬಣ್ಣದವರಿಗೆ ಹಿಂಜುವವರೆಂದರೆ ಸದರ. ಊಟದ ಹೊತ್ತಿಗೆ ಕಿಟಕಿ ಪಕ್ಕದ ಬೆಂಚು ಅವರದು, ಬಾಗಿಲ ಹತ್ತಿರದ ಚಳಿ ನಮ್ಮದು. ನಾವು ತಲೆತುಂಬ ಉಣ್ಣೆಯ ಧೂಳು ಹೊತ್ತುಕೊಂಡು ಸಾರು ಕುಡಿಯುತ್ತಿದ್ದರೆ, "ಏನ್ರೇ, ಹೊರಗೆ ಹಿಮ ಶುರುವಾಯ್ತಾ?" ಅಂತ ಅವರು ನಗುತ್ತಿದ್ದರು. ಅದನ್ನು ನಾನು ಮರೆತಿಲ್ಲ. ಮರೆಯುವ ಜಾಯಮಾನವೂ ನನ್ನದಲ್ಲ. ಆದರೂ ಅವಳು ನನಗಿಂತ ಐದು ವರ್ಷ ದೊಡ್ಡವಳು, ಸ್ವಂತ ಅಕ್ಕನನ್ನು ಕರೆದ ಹಾಗೆ ಎಜೆ ಎಂದೇ ಕರೆಯುತ್ತೇನೆ.

ನಮ್ಮದು ಒಂದೇ ಕಟ್ಟಡ. ನಾನು ಎರಡನೇ ಮಹಡಿ, ಅವಳು ಸರಿಯಾಗಿ ನನ್ನ ತಲೆಯ ಮೇಲೆ. ಹಾಗಾಗಿ ಅವಳ ನಡುಮನೆ ಎಷ್ಟು ದೊಡ್ಡದೆಂದು ಯಾರೂ ನನಗೆ ಹೇಳಬೇಕಾಗಿಲ್ಲ. ಅಡ್ಡಕ್ಕೆ ನಾಲ್ಕು ಹೆಜ್ಜೆ, ಉದ್ದಕ್ಕೆ ನಾಲ್ಕೂವರೆ. ದಕ್ಷಿಣಕ್ಕೆ ಒಂದೇ ಕಿಟಕಿ, ಕಿಟಕಿಯ ತುಂಬ ಒಣ ಬೆಟ್ಟ. ಮೊದಲೆಲ್ಲ ಆ ಕೋಣೆ ನೋಡಿದರೆ ಕಣ್ಣಿಗೆ ಹಬ್ಬ. ಅರ್ಧ ಗೋಡೆಗೆ ನೀಲಿ ಎಣ್ಣೆಬಣ್ಣ, ಅದರ ಮೇಲೆ ಅವಳ ಮದುವೆಗೆ ಬಂದ ಕೆಂಪು ಜಮಖಾನ, ಚಿನ್ನದ ಬಣ್ಣದ ಪರದೆ, ಗಾಜಿನ ಬೀರುವಿನಲ್ಲಿ ಹೂವಿನ ಬಟ್ಟಲುಗಳ ಸಾಲು. ನನ್ನದೂ ಹಾಗೇ ಇದೆ, ಇವತ್ತಿಗೂ. ಮನೆಯೆಂದ ಮೇಲೆ ಮನೆಯ ಹಾಗಿರಬೇಕು ಅನ್ನುವವಳು ನಾನು.

ಅವಳ ಗಂಡ ಕಾಸೆಯಿನ್ ಕುರಿಗಾರರು, ಹಿರಿಯರೆಂದು ಎಲ್ಲರೂ ಅವರನ್ನು ಆಬಾ ಅನ್ನುವರು. ಬೇಸಿಗೆಯಿಡೀ ಮೇಲಿನ ಹುಲ್ಲುಗಾವಲು, ಚಳಿಗಾಲಕ್ಕೆ ಕೆಳಗಿನ ಹಳ್ಳಿಯ ಕುರಿದೊಡ್ಡಿ. ಅವಳಿಗೆ ಕಾರ್ಖಾನೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಒಂದೇ ಸೂರಿನಡಿ ಕಳೆದ ದಿನಗಳನ್ನು ಒಟ್ಟು ಸೇರಿಸಿದರೆ ಎಂಟು ವರ್ಷವಾದರೂ ಆದೀತೋ ಇಲ್ಲವೋ. ಅವರು ಊರಿಗೆ ಬಂದಾಗ ಬಾಗಿಲಲ್ಲೇ ನಿಂತು, "ಏನೇ ಕೆಂಪುಗೈ, ಯಾರನ್ನ ಕೊಂದು ಬಂದೆ ಇವತ್ತು?" ಅನ್ನುವರು. ಅವಳು, "ಇನ್ನೂ ಕೊಂದಿಲ್ಲ, ಈಗ ತಾನೆ ಬಂದ್ರಲ್ಲ" ಅನ್ನುವಳು. ಮೂರನೇ ದಿನಕ್ಕೆ ಅವರು ಕುರಿ ನೆನೆಸಿಕೊಂಡು ಹೊರಡುವರು. ಅವಳು ಕಿಟಕಿಯಿಂದ ನೋಡುತ್ತ ನಿಂತಿರುವಳು. ಒಮ್ಮೆಯೂ ಅತ್ತಿದ್ದನ್ನು ನಾನು ಕಂಡಿಲ್ಲ, ಆದರೆ ಆ ದಿನಗಳಲ್ಲಿ ಅವಳು ಹಂಡೆಯಲ್ಲಿ ಕಲಸಿದ ಕೆಂಪು ಯಾವಾಗಲೂ ಒಂದು ಪಾಲು ಗಾಢವಾಗಿರುತ್ತಿತ್ತು.

ನಾನು ಹೇಳುತ್ತಿರುವ ವರ್ಷ ಸೆಪ್ಟೆಂಬರಿನಲ್ಲೇ ಮೇಲೆ ಹಿಮ ಬಿತ್ತು. ಆಬಾ ಹಿಂಡನ್ನು ಇಳಿಸುವಾಗ ಕಣಿವೆ ದಾಟುವಲ್ಲಿ ಗಾಳಿ ಎದ್ದಿತು. ಹತ್ತಿದ್ದು ಇನ್ನೂರ ಹದಿನಾಲ್ಕು, ಇಳಿದದ್ದು ಇನ್ನೂರ ಹದಿಮೂರು. ಹಿಂಡಿನಲ್ಲಿ ಇದ್ದದ್ದು ಒಂದೇ ಒಂದು ಬೂದು ಕುರಿ, ಕಳೆದುಹೋದದ್ದೂ ಅದೇ. ಅವರು ಹಿಂಡನ್ನು ತಮ್ಮನ ಮಗ ತಾಲಾಯ್‌ಗೆ ಒಪ್ಪಿಸಿ ಹಿಂದಕ್ಕೆ ಹೋದರು. ಎರಡು ದಿನ ಹಿಮದಲ್ಲಿ ಹುಡುಕಿದರು. ಮೂರನೇ ದಿನ ತಾಲಾಯ್ ಹುಡುಕಿದ್ದು ಕುರಿಯನ್ನಲ್ಲ, ದೊಡ್ಡಪ್ಪನನ್ನು. ಎದೆಯಲ್ಲಿ ಕಫ ಕಟ್ಟಿ, ತುಟಿ ನೀಲಿಯಾಗಿ, ಒಂದು ಬಂಡೆಗೆ ಒರಗಿ ಕೂತಿದ್ದರಂತೆ.

ಮೂರು ವಾರ ಆಸ್ಪತ್ರೆ. ಬಿಟ್ಟು ಕಳಿಸುವ ದಿನ ಡಾಕ್ಟರು ಬುರ್ಮಾಕಾನ್ ಎಜೆಯನ್ನು ಬದಿಗೆ ಕರೆದು ಹೇಳಿದರು. "ಈ ಎದೆ ಇನ್ನು ಎತ್ತರ ತಡೆಯಲ್ಲಮ್ಮ. ಮೇಲೆ ಹತ್ತಿದ್ರೆ ಜೀವ ಸಮೇತ ಇಳಿಯಲ್ಲ. ಕೆಳಗಿದ್ರೆ ಇನ್ನೂ ಹತ್ತು ವರ್ಷಕ್ಕೆ ಮೋಸ ಇಲ್ಲ."

ಅವಳು ಮನೆಗೆ ಬಂದು ಇದನ್ನು ಗಂಡನಿಗೆ ಹೇಳಿದಾಗ ಆಬಾ ತಲೆಯಾಡಿಸಿದರು. ಆಮೇಲೆ, "ಮೇ ತಿಂಗಳಲ್ಲಿ ದಾರಿ ತೆರೀಲಿ. ಒಂದು ಸಲ ಹೋಗಿ ಅವಳನ್ನ ನೋಡ್ಕೊಂಡು ಬಂದುಬಿಡ್ತೀನಿ. ಮೂಳೆಯಾದ್ರೂ ಸಿಗಲಿ" ಎಂದರು. ಅವಳು ಎಂದರೆ ಕುರಿ.

ಕುರಿ ಕಳೆದುಕೊಂಡವನ ಕಷ್ಟ ನಮ್ಮಲ್ಲಿ ಬೇರೆ ಥರ. ಯಾರ ಮನೆಗೆ ಯಾರು ಹೋದರೂ ಮೊದಲು ಕೇಳುವ ಮಾತು ಒಂದೇ: ಕುರಿ-ಜೀವ ಎಲ್ಲಾ ಕ್ಷೇಮವಾ? ಮೊದಲು ಕುರಿ, ಆಮೇಲೆ ಮನುಷ್ಯರು. ಎಲ್ಲಾ ಕ್ಷೇಮ ಅಂದರೆ ಮುಗಿಯಿತು, ಚಹಾ ಶುರು. ಜೀವಮಾನದಲ್ಲಿ ಒಂದು ಕುರಿ ಸಾಕದ ನನ್ನಂಥವಳೂ ದಿನಕ್ಕೆ ಹತ್ತು ಸಲ ಎಲ್ಲಾ ಕ್ಷೇಮ ಅನ್ನುತ್ತೇನೆ. ಆಬಾ ಹಾಗಲ್ಲ. ಆರೋಗ್ಯ ವಿಚಾರಿಸಲು ಬಂದವರು ಬಾಗಿಲಲ್ಲಿ ಹಾಗೆ ಕೇಳಿದರೆ ಅವರು, "ಒಂದು ಕಡಿಮೆ" ಅನ್ನುತ್ತಿದ್ದರು. ಬಂದವರು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಒಂದೆರಡು ವಾರ ಕಳೆಯುವುದರಲ್ಲಿ ಬರುವವರು ಕಡಿಮೆಯಾದರು. ಆಬಾ ಮಾತು ನಿಲ್ಲಿಸಿದರು. ಕೆಂಪು ಜಮಖಾನಕ್ಕೆ ಬೆನ್ನು ಮಾಡಿ, ಹಗಲೆಲ್ಲ ಕಣ್ಣು ಮುಚ್ಚಿಕೊಂಡು ಕೂರುವರು.

ಒಂದು ದಿನ ನಾನಿದ್ದಾಗಲೇ ಎಜೆ ಕೇಳಿದಳು. "ಕಣ್ಣು ಯಾಕೆ ಮುಚ್ಕೊಂಡಿದೀರಿ? ಉರೀತಿದೆಯಾ?"

"ಉರಿಯಲ್ಲ. ಈ ಕೋಣೆ ಗಲಾಟೆ ಮಾಡತ್ತೆ ಕಣೇ. ಗೋಡೆ ಕೂಗತ್ತೆ, ಪರದೆ ಕೂಗತ್ತೆ. ಮೇಲೆ ಹೀಗೆ ಯಾವುದೂ ಕೂಗಲ್ಲ."

ನನಗೆ ನಗು ಬಂತು. ಎಜೆ ನಗಲಿಲ್ಲ. ತನ್ನ ಕೈಗಳನ್ನೇ ನೋಡಿಕೊಂಡಳು. ಮರುದಿನ ಬೆಳಿಗ್ಗೆ ನನ್ನ ತಲೆಯ ಮೇಲೆ ಏನೋ ಎಳೆದಾಡುವ ಸದ್ದಾಯಿತು. ಹತ್ತಿ ಹೋಗಿ ನೋಡಿದರೆ ಅವಳು ಕುರ್ಚಿಯ ಮೇಲೆ ನಿಂತು ಮದುವೆಯ ಜಮಖಾನ ಕೀಳುತ್ತಿದ್ದಳು.

"ಏನು ಹುಚ್ಚು ಹಿಡೀತಾ ನಿಮಗೆ?" ಅಂದೆ.

"ಹಿಡ್ಕೋ ಈ ತುದಿ. ಮಾತು ಆಮೇಲೆ ಆಡು." ಜಮಖಾನ ಸುತ್ತಿ ಮೂಲೆಗೆ ನಿಲ್ಲಿಸಿದ ಮೇಲೆ ಅವಳು ಬಾಗಿಲು ಮುಚ್ಚಿ ಮೆಲ್ಲಗೆ ಹೇಳಿದಳು. "ಬಾಲ್ಕಿಯಾ, ಮೂವತ್ತೆಂಟು ವರ್ಷ ಕಾದಿದೀನಿ ಇವರು ಮನೇಲಿರಲಿ ಅಂತ. ಈಗ ಬಂದಿದಾರೆ. ಮೇ ತಿಂಗಳೊಳಗೆ ಇವರಿಗೆ ಈ ಕೋಣೆ ಬಿಟ್ಟು ಹೋಗೋ ಮನಸ್ಸಾಗಬಾರದು. ಅಷ್ಟೇ ನನಗೆ ಬೇಕಾಗಿರೋದು."

ಅವಳು ಗೋಡೆಯ ನೀಲಿಯನ್ನು ಚಾಕುವಿನಿಂದ ಕೆರೆದಳು. ನದಿಯ ದಂಡೆಯಿಂದ ಬಿಳಿ ಜೇಡಿಮಣ್ಣು ತರಿಸಿ, ಹಾಲಿನಲ್ಲಿ ಕಲಸಿ, ಕೈಯಿಂದಲೇ ಬಳಿದಳು. ಒಣಗಿದ ಮೇಲೆ ಗೋಡೆ ಬಿಳಿಯೂ ಅಲ್ಲ, ಹಳದಿಯೂ ಅಲ್ಲ, ನಾದಿಟ್ಟ ಹಿಟ್ಟಿನ ಬಣ್ಣ. ಚಿನ್ನದ ಪರದೆ ಹೋಗಿ ಕೋರಾ ಬಟ್ಟೆಯ ಪರದೆ ಬಂತು. ಗಾಜಿನ ಬೀರು ಮಲಗುವ ಕೋಣೆಗೆ ಹೋಯಿತು. ತಾಲಾಯ್ ಆ ವರ್ಷದ ಶರತ್ಕಾಲದ ಉಣ್ಣೆಯನ್ನು ಐದು ಮೂಟೆ ಕಟ್ಟಿ ಕಳಿಸಿದ. ಹಿಂಡು ಇಳಿದ ಮೇಲೆ ಕತ್ತರಿಸಿದ ಉಣ್ಣೆ ಅದು, ತುಳಿದು ಹಾಸು ಮಾಡಲು ಅದೇ ಸರಿ. ಅವಳು ಮೂಟೆ ಬಿಚ್ಚಿದವಳೇ, "ಒಂದು ತೊಟ್ಟು ಬಣ್ಣ ಮುಟ್ಟಿಸಲ್ಲ. ಕುರಿ ಮೈಮೇಲೆ ಹೇಗಿತ್ತೋ ಹಾಗೇ" ಎಂದಳು. ಮೂವತ್ತೊಂದು ವರ್ಷ ಬಿಳಿ ಉಣ್ಣೆ ಕಂಡರೆ ಹಂಡೆಗೆ ಎತ್ತಿಹಾಕುತ್ತಿದ್ದ ಹೆಂಗಸಿನ ಮಾತು ಇದು.

ಅಕ್ಟೋಬರಿನ ಬಿಸಿಲಿನಲ್ಲಿ ಕಟ್ಟಡದ ಅಂಗಳದಲ್ಲೇ ಜೊಂಡಿನ ಚಾಪೆ ಹಾಸಿದೆವು. ನಾನು ಹಿಂಜಿದೆ, ಅವಳು ಹರಡಿದಳು. ಬಿಸಿನೀರು ಚಿಮುಕಿಸಿ ಸುರುಳಿ ಸುತ್ತಿ, ಹಗ್ಗ ಕಟ್ಟಿ, ಎಳೆಗಳು ಒಂದಕ್ಕೊಂದು ಹೆಣೆದು ಕಂಬಳಿಯ ಹಾಗೆ ಗಟ್ಟಿಯಾಗುವವರೆಗೆ ಕಟ್ಟಡದ ಹೆಂಗಸರೆಲ್ಲ ಸೇರಿ ತುಳಿದೆವು. ಬಿಳಿ, ಕಪ್ಪು, ಕಂದು, ಒಣಹುಲ್ಲಿನ ಬಣ್ಣ, ಹಾಲು ಬಿದ್ದ ಚಹಾದ ಬಣ್ಣ. ತುಳಿಯುವಾಗ ಒಬ್ಬೊಬ್ಬರದು ಒಂದೊಂದು ಮಾತು. "ಮನೆ ಮಾಡ್ತಿದಾಳೋ ಹಿಟ್ಟಿನ ಗಿರಣಿ ಮಾಡ್ತಿದಾಳೋ." "ಗಂಡ ಬದುಕಿರುವಾಗಲೇ ಸೂತಕದ ಮನೆಯೇನಮ್ಮ ಇದು, ಒಂದು ಹೂವು ಬೇಡವಾ?" ಎಜೆ ತುಳಿಯುತ್ತಲೇ ಇದ್ದಳು. ನಿಜ ಹೇಳಬೇಕೆಂದರೆ ಹಿಟ್ಟಿನ ಗಿರಣಿಯ ಮಾತು ನನ್ನದೇ.

ನಮ್ಮ ಶಿರ್ದಾಕ್ ಹಾಸಿನಲ್ಲಿ ಒಂದು ಸೊಗಸಿದೆ. ಎರಡು ಬಣ್ಣದ ತುಳಿದ ಉಣ್ಣೆಯನ್ನು ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸುತ್ತಾರೆ. ಬಿಳಿಯಲ್ಲಿ ಬಿದ್ದ ಟಗರುಕೊಂಬಿನ ತೂತಿಗೆ ಕಂದುಕೊಂಬು ಕೂರುತ್ತದೆ, ಕಂದಿನ ತೂತಿಗೆ ಬಿಳಿ. ಒಂದು ಚೂರೂ ದಂಡವಾಗದೆ ಎರಡು ಹಾಸು ಹುಟ್ಟುತ್ತವೆ, ಅವಳಿ ಮಕ್ಕಳ ಹಾಗೆ. ಎಜೆ ಬಿಳಿ ನೆಲದ್ದನ್ನು ಕೆಳಗೆ ಹಾಸಿದಳು, ಕಂದು ನೆಲದ್ದನ್ನು ಗೋಡೆಗೆ ಹಾಕಿದಳು. ಸುತ್ತ ಒಣಹುಲ್ಲಿನ ಬಣ್ಣದ ದಿಂಬುಗಳು, ಅಂಚಿಗೆ ಕಪ್ಪು ಬಿಳಿ ಹುರಿ. ಗೋಡೆಯ ಹಾಸಿನ ನಡುವೆ ಅಂಗೈಯಗಲದ ಒಂದು ಚೌಕ ಬಿಟ್ಟಿದ್ದಳು. ಅಲ್ಲಿಗೆ ಏನು ಹಾಕಬೇಕೆಂದು ಇನ್ನೂ ಮನಸ್ಸಾಗಿರಲಿಲ್ಲ.

ಡಿಸೆಂಬರಿನ ಹೊತ್ತಿಗೆ ಕೋಣೆ ಮುಗಿಯಿತು. ಕಿಟಕಿಯಾಚೆ ಬೆಟ್ಟ ಬಿಳಿಯಾಗಿತ್ತು, ಒಳಗೆ ಗೋಡೆಯೂ ಬೆಳ್ಳಗೆ. ಬಿಸಿಲು ಬಂದಾಗ ಕೋರಾ ಪರದೆಯ ಮೂಲಕ ಕೋಣೆಯ ತುಂಬ ಜೇನಿನ ಬೆಳಕು ಹರಿಯುತ್ತಿತ್ತು, ಮೋಡ ಮುಚ್ಚಿದರೆ ಎಲ್ಲವೂ ಹಾಲಿನಲ್ಲಿ ಅದ್ದಿದ ಹಾಗೆ ಮೆತ್ತಗಾಗುತ್ತಿತ್ತು. ಗೋಡೆ ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು ಎಂದು ಕೆಲವು ಸಲ ಗೊತ್ತಾಗುತ್ತಿರಲಿಲ್ಲ. ನಾಲ್ಕೂವರೆ ಹೆಜ್ಜೆಯ ಕೋಣೆಗೆ ಅಷ್ಟು ದೂರ ಎಲ್ಲಿಂದ ಬಂತೋ. ನಾನು ಟೀಕೆ ಮಾಡಲೆಂದೇ ಹತ್ತಿ ಹೋಗುತ್ತಿದ್ದೆ. ಹೋದವಳು ದಿಂಬಿಗೆ ಒರಗಿ, ಉಪ್ಪು ಚಹಾದ ಬಟ್ಟಲು ಕೈಯಲ್ಲಿ ಹಿಡಿದು, ಹೇಳಬೇಕೆಂದಿದ್ದ ಮಾತು ಮರೆತು ಕೂರುತ್ತಿದ್ದೆ. ಒಲೆಯ ಮೇಲಿನ ಕೆಟಲಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಎಷ್ಟೋ ಸಲ ಅಲ್ಲೇ ನಿದ್ದೆ ಹೋಗಿದ್ದೇನೆ.

ಆಬಾ ಕಣ್ಣು ತೆರೆದರು. ಮೊದಲ ದಿನ ಗೋಡೆಯಿಂದ ಗೋಡೆಗೆ ನೋಡಿದರು. ಎರಡನೇ ದಿನ ನೆಲದ ಹಾಸಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದರು. ವಾರ ಕಳೆಯುವುದರಲ್ಲಿ ಮಾತು ಬಂತು.

"ಇದು ಕಿವಿ ಸೀಳಿದವಳದು" ಎಂದರು ಬಿಳಿಯ ಒಂದು ತಾವನ್ನು ಮುಟ್ಟಿ. "ಇವಳ ಉಣ್ಣೆ ತುದೀಲಿ ಸ್ವಲ್ಪ ಒರಟು. ಗಾಳಿಗೆ ಮುಖ ಕೊಟ್ಟು ಮಲಗ್ತಾಳೆ, ಪೆದ್ದಿ."

"ಅದೆಲ್ಲ ಕಲಸಿ ತುಳಿದಿದೀವಲ್ಲ ಆಬಾ, ಯಾವುದು ಯಾರದು ಅಂತ ಹೇಗೆ ಗೊತ್ತಾಗತ್ತೆ?" ಅಂದೆ.

"ನಿನಗೆ ಗೊತ್ತಾಗಲ್ಲ."

ಅವರು ಆ ಚಳಿಗಾಲವೆಲ್ಲ ಆ ಕೋಣೆಯಲ್ಲಿ ಕುರಿ ಕಾದರು ಅಂತಲೇ ಹೇಳುತ್ತೇನೆ. ಬೆಳಿಗ್ಗೆ ಎದ್ದು ಹಾಸಿನ ಒಂದು ಮೂಲೆಯಿಂದ ಶುರುಮಾಡಿ, ಬೆರಳು ಆಡಿಸುತ್ತ, ಒಂದೊಂದರ ಕಥೆ ಹೇಳುವರು. ಕಂದು ಟಗರು ಹೊಳೆಗೆ ಹಾರಿದ್ದು, ಕರಿಯ ಕುರಿ ಮೂರು ಮರಿ ಹಾಕಿ ಒಂದನ್ನು ಮಾತ್ರ ಒಲ್ಲೆ ಎಂದದ್ದು. ಎಜೆ ಹೊಲಿಗೆ ಹಿಡಿದು ಪಕ್ಕದಲ್ಲಿ ಕೂತು ಕೇಳುವಳು. ಮೂವತ್ತೆಂಟು ಬೇಸಿಗೆಗಳು ಮೇಲೆ ಏನು ನಡೆಯಿತೆಂದು ಅವಳಿಗೆ ಗೊತ್ತಾದದ್ದು ಆಗಲೇ. ಅವಳ ಮುಖ ನೋಡಿದರೆ ಸಾಕಿತ್ತು, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಗಂಡ ಹೋಗಿ ಹನ್ನೊಂದು ವರ್ಷ.

ಜನವರಿಯ ಕೊನೆಯಲ್ಲಿ ಒಂದು ದಿನ ಆಬಾ ಎದ್ದು ನಿಂತು, ನೆಲ ನೋಡಿ, ದಿಂಬು ನೋಡಿ, ಗೋಡೆ ನೋಡಿದರು. ಬಾಯಲ್ಲೇ ಎಣಿಸುತ್ತಿದ್ದರು. ಬೆರಳು ಗೋಡೆಯ ಹಾಸಿನ ನಡುವಿನ ಖಾಲಿ ಚೌಕದ ಮೇಲೆ ಬಂದು ನಿಂತಿತು.

"ಒಂದು ಕಡಿಮೆ" ಎಂದರು. ಕೂತರು. ಕಣ್ಣು ಮುಚ್ಚಿದರು.

ಎಜೆಯ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಇಡೀ ಹಿಂಡನ್ನು ತಂದು ಕೋಣೆಯಲ್ಲಿ ಕೂರಿಸಿದ್ದೇ ತಪ್ಪಾಯಿತೆಂದು ಅವಳಿಗೆ ಆಗ ಹೊಳೆಯಿತು. ಇಲ್ಲದಿರುವುದು ಯಾವುದೆಂದು ಈಗ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಆ ದಿನದಿಂದ ಆಬಾ ಮತ್ತೆ ಮೇ ತಿಂಗಳ ಮಾತು ತೆಗೆದರು. ತಾಲಾಯ್‌ಗೆ ಹೇಳಿ ಕಳಿಸಿದರು: ಹಿಂಡು ಏರುವ ದಿನ ನನಗೂ ಒಂದು ಕುದುರೆ ತಾ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಎಜೆ ನನ್ನ ಅಡುಗೆಮನೆಗೆ ಬಂದಳು. ಶಾಲಿನಡಿ ಒಂದು ಸಣ್ಣ ಪಾತ್ರೆ. ಪಾತ್ರೆಯಲ್ಲಿ ಅಕ್ರೋಟಿನ ಸಿಪ್ಪೆ, ಒಂದು ಹಿಡಿ ತುಕ್ಕು ಹಿಡಿದ ಮೊಳೆ.

"ನಿನ್ನ ಒಲೆ ಬೇಕು. ಮನೇಲಿ ಬೇಯಿಸಿದ್ರೆ ಅವರಿಗೆ ವಾಸನೆ ಬರತ್ತೆ."

"ಒಂದು ತೊಟ್ಟು ಬಣ್ಣ ಮುಟ್ಟಿಸಲ್ಲ ಅಂದಿದ್ರಿ."

"ಅಂದಿದ್ದೆ" ಎಂದಳು. ಬಿಳಿ ಉಣ್ಣೆಯ ಒಂದು ಮುದ್ದೆಯನ್ನು ಪಾತ್ರೆಗೆ ಬಿಟ್ಟು ಕೋಲಿನಿಂದ ಒತ್ತಿದಳು. ಮೂವತ್ತೊಂದು ವರ್ಷದ ಕೈ ಅದು, ಹದ ತಪ್ಪಲಿಲ್ಲ. ಗಂಟೆ ಕಳೆದ ಮೇಲೆ ಅವಳು ಎತ್ತಿದ್ದು ಅಪ್ಪಟ ಬೂದು. ಮಂಜು ಮುಸುಕಿದ ಬೆಳಗಿನ ಬೂದು. ಒಣಗಿಸಿ, ಹಿಂಜಿ, ನನ್ನ ಸ್ನಾನದ ತೊಟ್ಟಿಯಲ್ಲಿ ಇಬ್ಬರೂ ನಿಂತು ತುಳಿದೆವು. ಅಂಗೈಯಗಲದ ಒಂದು ತುಂಡು. ಅವಳು ಅದನ್ನು ಬೆಳಕಿಗೆ ಹಿಡಿದು ಕೇಳಿದಳು. "ಆ ಕುರಿ ಥರಾನೇ ಇದೆಯಾ?"

ಆ ಕುರಿಯನ್ನು ನಾನು ಕಂಡವಳಲ್ಲ. ಆದರೆ ಹಿಂಜಿದವಳು ನಾನು. ಕುರಿಯ ಮೈಯ ಬೂದಿನಲ್ಲಿ ಕಪ್ಪೆಳೆ ಬೇರೆ, ಬಿಳಿಯೆಳೆ ಬೇರೆ, ಎರಡೂ ಸೇರಿ ದೂರಕ್ಕೆ ಬೂದಾಗಿ ಕಾಣುತ್ತದೆ. ಈ ತುಂಡಿನಲ್ಲಿ ಪ್ರತಿ ಎಳೆಯೂ ಒಂದೇ. ಕಪ್ಪು ಬಿಳಿ ಎರಡೂ ಅವಳ ಮೂಟೆಯಲ್ಲೇ ಇದ್ದವು. ಸೇರಿಸಿ ಹಿಂಜಿದ್ದರೆ ಸಾಕಿತ್ತು, ಪಾತ್ರೆಯೇ ಬೇಕಿರಲಿಲ್ಲ. ಬಣ್ಣದವಳಿಗೆ ಹಂಡೆಯ ಹೊರಗೂ ಬಣ್ಣ ಹುಟ್ಟುತ್ತದೆ ಅನ್ನುವುದು ಹೊಳೆಯಲೇ ಇಲ್ಲ. ಹೇಳಲು ಬಾಯಿ ತೆರೆದೆ. ಅವಳ ಕಣ್ಣಿನಲ್ಲಿ ಎಷ್ಟು ಆಸೆ ಇತ್ತೆಂದರೆ, "ಥೇಟ್ ಅದೇ" ಅಂದುಬಿಟ್ಟೆ. ಜೀವನದಲ್ಲಿ ಮಾತು ನುಂಗಿದ್ದು ಅದೇ ಮೊದಲ ಸಲ, ಅದೂ ತಪ್ಪಾದ ಜಾಗದಲ್ಲಿ.

ಅವಳು ಕಥೆಯನ್ನೂ ಹೊಲಿದಿಟ್ಟಿದ್ದಳು. ಬೂದು ಕುರಿ ಪಕ್ಕದ ಕಣಿವೆಯವರ ಹಿಂಡಿಗೆ ಸೇರಿಕೊಂಡಿತ್ತಂತೆ. ಯಾರದೋ ಕುರಿಯೆಂದು ಅವರು ಉಣ್ಣೆ ಕತ್ತರಿಸಿ ಬೇರೆ ಕಟ್ಟಿಟ್ಟಿದ್ದರಂತೆ. ಈಗ ಕುರಿ ತಾಲಾಯ್‌ನ ದೊಡ್ಡಿಯಲ್ಲಿ, ಉಣ್ಣೆ ಇಲ್ಲಿ. ತಾಲಾಯ್‌ಗೆ ಫೋನು ಮಾಡಿ ಒಪ್ಪಿಸಿದ್ದಳು. "ನನಗೆ ಸುಳ್ಳು ಹೇಳಕ್ಕೆ ಬರಲ್ಲ ದೊಡ್ಡಮ್ಮ" ಎಂದು ಅವನು ಗೋಳಾಡಿದನಂತೆ.

ಚೌಕಕ್ಕೆ ಬೂದು ತುಂಡು ಕೂರಿಸಿದ ದಿನ ನಾನೂ ಅಲ್ಲಿದ್ದೆ. ಎಜೆ ಕಥೆ ಹೇಳುವಾಗ ಗೋಡೆ ನೋಡಿಕೊಂಡು ಹೇಳಿದಳು. ಆಬಾ ಎದ್ದು ಬಂದು ತುಂಡಿನ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ಇಟ್ಟುಕೊಂಡಿದ್ದರು. ಹೊರಗೆ ಹಿಮ ಬೀಳುತ್ತಿತ್ತು, ಕೋಣೆಯೆಲ್ಲ ಬೂದುಬೆಳಕು, ಗೋಡೆಯ ಮೇಲಿನ ಹಿಂಡು ಉಸಿರಾಡುತ್ತಿದೆ ಅನ್ನಿಸಿತು ನನಗೆ.

"ಬಂದ್ಲಾ" ಎಂದರು ಕೊನೆಗೆ.

"ಬಂದ್ಲು" ಎಂದಳು ಎಜೆ. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆಯಲು ಪಾತ್ರೆಯೇನೂ ಇರಲಿಲ್ಲ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಎಜೆ ಬ್ರೆಡ್ಡು ತರಲು ಹೋಗಿದ್ದಾಗ ಆಬಾ ನನ್ನನ್ನು ಹತ್ತಿರ ಕರೆದರು. ಬೂದು ತುಂಡಿನ ಅಂಚಿನಿಂದ ಒಂದು ಚಿಟಿಕೆ ಉಣ್ಣೆ ಕಿತ್ತು ನನ್ನ ಅಂಗೈಗೆ ಹಾಕಿದರು.

"ನೀನು ಹಿಂಜೋಳು ತಾನೆ? ನೋಡಿ ಹೇಳು."

ನಾನು ನೋಡಲಿಲ್ಲ. "ಕನ್ನಡಕ ತಂದಿಲ್ಲ ಆಬಾ" ಅಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.

ಅವರು ನಕ್ಕರು. ಸೆಪ್ಟೆಂಬರಿನಿಂದ ಮೊದಲ ಸಲ. "ಎಲ್ಲಾ ಎಳೆನೂ ಒಂದೇ ಥರ ಇದೆ. ದೇವರು ಎರಡು ಎಳೆ ಒಂದೇ ಥರ ಮಾಡಲ್ಲಮ್ಮ, ಅಷ್ಟು ಸೋಮಾರಿಯಲ್ಲ ಅವನು. ಅಕ್ರೋಟು, ಅಲ್ವಾ? ಮೊದಲ ದಿನವೇ ವಾಸನೆ ಬಂತು."

ನಾನು ಆ ಚಿಟಿಕೆ ಉಣ್ಣೆಯನ್ನು ಅಂಗೈಯಲ್ಲೇ ಉಂಡೆ ಮಾಡಿ ಜೇಬಿಗೆ ಹಾಕಿಕೊಂಡೆ.

"ಮೂವತ್ತೆಂಟು ವರ್ಷದ ಹಿಂದೆ ಮಾತು ಕೊಟ್ಟಿದ್ಲು, ನಿಮ್ಮ ಹತ್ತಿರ ಸುಳ್ಳು ಹೇಳಲ್ಲ ಅಂತ. ಹೇಳಿರಲೂ ಇಲ್ಲ" ಎಂದರು. ಕಿಟಕಿಯಾಚೆ ನೋಡಿದರು. ಬೆಟ್ಟದಲ್ಲಿ ಹಿಮ ಅಲ್ಲಲ್ಲಿ ಕರಗಿ ಕೆಳಗಿನ ಕಂದು ಕಾಣುತ್ತಿತ್ತು. "ತಾಲಾಯ್ ಸಂತೆಗೆ ಬಂದಾಗ ಹೇಳು. ಮೇಲೆ ಹೋದ ಮೇಲೆ ಕರಿಬಂಡೆ ಕೆಳಗಿನ ಕೊರಕಲಲ್ಲಿ ಒಂದು ಸಲ ನೋಡಲಿ. ಅವಳು ಸಿಕ್ಕಿದ್ರೆ ಅಲ್ಲೇ ನಾಲ್ಕು ಕಲ್ಲು ಮುಚ್ಚಲಿ. ಇವಳಿಗೆ ಹೇಳೋದು ಬೇಡ."

"ಹಾಗಾದ್ರೆ ನೀವು ಹೋಗಲ್ವಾ?"

ಅವರು ಕಿತ್ತ ಅಂಚನ್ನು ಬೆರಳಿನಿಂದ ಸವರಿ ಸರಿಮಾಡಿದರು. ಮೆಟ್ಟಿಲಲ್ಲಿ ಎಜೆಯ ಕಾಲಸಪ್ಪಳ ಕೇಳಿಸಿತು.

ತಾಲಾಯ್‌ಗೆ ಹೇಳಿದೆ. ಎಜೆಗೆ ಹೇಳಲಿಲ್ಲ. ಎರಡು ತಿಂಗಳು ನನಗೆ ಸರಿಯಾಗಿ ಊಟ ಸೇರಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಎಂಥ ಶಿಕ್ಷೆಯೆಂದು ಬಾಯಿ ಇದ್ದವರಿಗೇ ಗೊತ್ತು. ಎಜೆ ಮಾತ್ರ ಏಪ್ರಿಲ್ ಪೂರ್ತಿ ಹಗುರಾಗಿ ಓಡಾಡಿದಳು. ಕಿಟಕಿಗೆ ಬಿಸಿಲು ಬಂದರೆ ಪರದೆ ಸರಿಸುವಳು, ದಿಂಬಿನ ದಿಕ್ಕು ಬದಲಿಸುವಳು, ಕೋಣೆ ಇನ್ನೂ ಒಂದು ಕೂದಲೆಳೆಯಷ್ಟು ಚೆಂದವಾದರೆ ಅವರು ಉಳಿದೇಬಿಡುತ್ತಾರೆ ಅನ್ನುವ ಹಾಗೆ. ಆದರೆ ಕುದುರೆ ಬೇಡವೆಂದು ಆಬಾ ತಾಲಾಯ್‌ಗೆ ಹೇಳಿ ಕಳಿಸಲೂ ಇಲ್ಲ.

ಮೇ ಕೊನೆಯ ವಾರ ಹಿಂಡುಗಳು ಊರಿನ ಅಂಚಿನ ರಸ್ತೆಯಲ್ಲಿ ಏರತೊಡಗಿದವು. ಬೆಳಿಗ್ಗೆಯಿಂದ ಕುರಿಗಳ ಕೂಗು, ಧೂಳು, ನಾಯಿ. ನಾನು ಮೇಲೆ ಹೋದಾಗ ನಡುಮನೆಯ ಬಾಗಿಲ ಬಳಿ ಮೂಟೆ ಕಟ್ಟಿಟ್ಟಿತ್ತು. ದಪ್ಪ ಕೋಟು, ಬೂಟು, ಒಣಗಿಸಿದ ಮೊಸರಿನ ಉಂಡೆಗಳ ಚೀಲ. ಕಟ್ಟಿದವಳು ಎಜೆಯೇ.

"ನೀವೇ ಯಾಕೆ ಕಟ್ಟಿದ್ರಿ?" ಎಂದು ಕಿವಿಯಲ್ಲಿ ಕೇಳಿದೆ.

"ಹೋಗೋದಾದ್ರೆ ಬೆಚ್ಚಗೆ ಹೋಗಲಿ" ಎಂದಳು. "ಕೂಡಿಹಾಕಕ್ಕೆ ಅವರೇನು ಕುರಿಯಾ. ನನ್ನ ಕೈಲಾದ್ದು ಮಾಡಿದೀನಿ." ಕಟ್ಟಿದ ಗಂಟನ್ನೇ ಇನ್ನೊಮ್ಮೆ ಬಿಗಿದಳು. ಅವಳು ಅತ್ತರೆ ನಾನೂ ಅಳುತ್ತೇನೆಂದು ನಾನು ಬೇರೆ ಕಡೆ ನೋಡಿದೆ.

ಕೆಳಗೆ ಅಂಗಳದಲ್ಲಿ ಎರಡು ಕುದುರೆಗಳು ಬಂದು ನಿಂತವು. ತಾಲಾಯ್ ಮೂರು ಮಹಡಿ ಹತ್ತಿ ಬಂದು ಹೊಸ್ತಿಲಲ್ಲಿ ನಿಂತ. ಆಬಾ ಗೋಡೆಯ ಹಾಸಿಗೆ ಒರಗಿ ಕೂತಿದ್ದರು, ಹೊಸ ಅಂಗಿ ತೊಟ್ಟು. ತಾಲಾಯ್‌ನ ಬಾಯಿಗೆ ವಾಡಿಕೆಯ ಮಾತು ತಾನಾಗಿ ಬಂದುಬಿಟ್ಟಿತು.

"ಕುರಿ-ಜೀವ ಎಲ್ಲಾ ಕ್ಷೇಮವಾ, ಆಬಾ?"

ಅಂದಮೇಲೆ ಅವನಿಗೆ ಅರಿವಾಯಿತು. ಕೈಯಲ್ಲಿದ್ದ ಚಾವಟಿಯನ್ನು ಹಿಸುಕುತ್ತ ನೆಲ ನೋಡಿದ. ಎಜೆ ಚಹಾದ ಬಟ್ಟಲು ಹಿಡಿದವಳು ಹಾಗೇ ನಿಂತಳು. ರಸ್ತೆಯ ಕಡೆಯಿಂದ ಕುರಿಗಳ ಕೂಗು ಕೋರಾ ಪರದೆಯನ್ನು ದಾಟಿ ಮೆಲ್ಲಗೆ ಒಳಗೆ ಬರುತ್ತಿತ್ತು. ಆಬಾ ಕೈ ಮೇಲಕ್ಕೆತ್ತಿ ಬೂದು ಚೌಕವನ್ನು ಮುಟ್ಟಿದರು.

"ಎಲ್ಲಾ ಕ್ಷೇಮ ಕಣಪ್ಪ" ಎಂದರು. "ಕುರಿನೂ ಕ್ಷೇಮ, ಜೀವಾನೂ ಕ್ಷೇಮ. ಬಾ, ಒಳಗೆ ಕೂತು ಚಹಾ ಕುಡಿ. ದಾರಿ ದೂರ ನಿನಗೆ."

ನಿನಗೆ ಎಂದರು. ನಾನು ಸರಿಯಾಗಿ ಕೇಳಿಸಿಕೊಂಡೆ.

ತಾಲಾಯ್ ಕಣ್ಣೊರೆಸಿಕೊಂಡು ಎರಡು ಬಟ್ಟಲು ಚಹಾ ಕುಡಿದ. ಹೊರಟು ಹೋಗುವಾಗ ಎರಡನೇ ಕುದುರೆಯ ಲಗಾಮು ಕೈಯಲ್ಲಿ ಹಿಡಿದು, ಖಾಲಿ ಜೀನಿನೊಂದಿಗೆ ನಡೆಸಿಕೊಂಡು ಹೋದ. ಆಬಾ ಕಿಟಕಿಯಿಂದ ಕೊನೆಯ ಕುರಿ ತಿರುವು ದಾಟುವವರೆಗೆ ನೋಡಿದರು. ಆಮೇಲೆ ತಿರುಗಿ, "ಏನೇ ಕೆಂಪುಗೈ, ಮೂಟೆ ಬಿಚ್ಚಲ್ವಾ? ಮೊಸರುಂಡೆ ಬೇಕು ನನಗೆ" ಎಂದರು.

ಅವಳು ಮೂಟೆಯ ಮುಂದೆ ಕೂತಳು. ತಾನೇ ಎರಡೆರಡು ಸಲ ಬಿಗಿದ ಗಂಟು ಆ ಕೆಂಪು ಕೈಗಳಿಗೆ ಸಡಿಲಾಗಲಿಲ್ಲ. ಮೂವತ್ತು ವರ್ಷ ಉಣ್ಣೆಯ ಸಿಕ್ಕು ಬಿಡಿಸಿದ ಕೈ ನನ್ನದು. ಅವಳನ್ನು ಪಕ್ಕಕ್ಕೆ ಸರಿಸಿ ನಾನೇ ಬಿಚ್ಚಿದೆ.